ಗಾಳಿ ನಿಂತ ಮೇಲೆ

2024ರ ಜುಲೈ 8ರ ಬೆಳಗಿನ ಜಾವ ಬೆರಿಲ್ ಚಂಡಮಾರುತ ಅಮೆರಿಕದ ಟೆಕ್ಸಸ್ ರಾಜ್ಯದ ಮ್ಯಾಟಗೋರ್ಡಾ ಬಳಿ ನೆಲ ಮುಟ್ಟಿತು. ಕೆಲವೇ ದಿನಗಳ ಹಿಂದೆ ಕೆರಿಬಿಯನ್ ಸಮುದ್ರದಲ್ಲಿ ಐದನೇ ದರ್ಜೆಗೆ ಏರಿದ್ದ ಅದು ಇಲ್ಲಿಗೆ ಬರುವ ಹೊತ್ತಿಗೆ ಮೊದಲ ದರ್ಜೆಗೆ ಇಳಿದಿತ್ತು. ಹ್ಯೂಸ್ಟನ್ ನಗರವನ್ನು ಹಾದು ಹೋಗಲು ಅದಕ್ಕೆ ಒಂದು ಬೆಳಗು ಸಾಕಾಯಿತು. ಮಳೆ ಬಿಟ್ಟು ಜನ ಹೊರಗೆ ಬಂದು ನೋಡಿದಾಗ 22 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟು ಇರಲಿಲ್ಲ.

ಯಾವ ಬಡಾವಣೆಯಲ್ಲಿ ಕರೆಂಟಿದೆ, ಯಾವುದರಲ್ಲಿಲ್ಲ ಎಂದು ತಿಳಿಯುವ ದಾರಿಯೂ ಇರಲಿಲ್ಲ. ವಿದ್ಯುತ್ ಕಂಪನಿಯ ಆನ್‌ಲೈನ್ ನಕ್ಷೆ ಮೇ ತಿಂಗಳ ಬಿರುಗಾಳಿಯ ಹೊತ್ತಿಗೇ ಕೆಟ್ಟಿತ್ತು, ಇನ್ನೂ ಸರಿಯಾಗಿರಲಿಲ್ಲ. ಆಗ ಊರಿನವರಿಗೆ ನೆರವಾದದ್ದು ವಾಟಾಬರ್ಗರ್ ಎಂಬ ಹೋಟೆಲ್ ಸರಣಿಯ ಮೊಬೈಲ್ ಆ್ಯಪ್. ಅದರ ನಕ್ಷೆಯಲ್ಲಿ ತೆರೆದಿರುವ ಹೋಟೆಲು ಕಿತ್ತಳೆ ಬಣ್ಣದಲ್ಲಿ, ಮುಚ್ಚಿರುವುದು ಬೂದು ಬಣ್ಣದಲ್ಲಿ ಕಾಣುತ್ತದೆ. ಊರಿನ ತುಂಬ ಹರಡಿರುವ ಈ ಹೋಟೆಲುಗಳು ದಿನವಿಡೀ ತೆರೆದಿರುವುದು ರೂಢಿ. ಆದ್ದರಿಂದ ಬೂದು ಚುಕ್ಕೆ ಕಂಡಲ್ಲಿ ಕರೆಂಟಿಲ್ಲ ಎಂದು ಲೆಕ್ಕ. ಯಾರೋ ಇದನ್ನು ಗಮನಿಸಿ ಹಂಚಿಕೊಂಡರು. ಎರಡು ದಿನ ಹ್ಯೂಸ್ಟನ್ ಜನರ ವಿದ್ಯುತ್ ನಕ್ಷೆ ಅದೇ ಆಯಿತು.

ಹ್ಯೂಸ್ಟನ್‌ನಲ್ಲಿ ಕನ್ನಡ ಕುಟುಂಬಗಳೂ ಸಾಕಷ್ಟಿವೆ. ಮಕ್ಕಳ ಮನೆಗೆಂದು ಕರ್ನಾಟಕದಿಂದ ವಯಸ್ಸಾದ ತಂದೆ ತಾಯಿ ಹೋಗಿ ಇರುವುದೂ ಬೇಸಿಗೆ ರಜೆಯ ಈ ತಿಂಗಳುಗಳಲ್ಲೇ. ಬಿ.ಪಿ. ಮಾತ್ರೆ, ಇನ್ಸುಲಿನ್, ಮಂಡಿ ನೋವು ಎಲ್ಲವೂ ಅವರ ಜೊತೆಗೇ ಹೋಗಿರುತ್ತವೆ. ಚಂಡಮಾರುತ ಎಂದಾಗ ಕಣ್ಣಿಗೆ ಬರುವುದು ಹಾರುವ ಚಾವಣಿ, ನುಗ್ಗುವ ಸಮುದ್ರ. ಅವುಗಳ ಭಯ ಸಹಜ. ಆದರೆ ಈಚಿನ ವರ್ಷಗಳ ಸಾವುಗಳ ಪಟ್ಟಿಯನ್ನು ತೆರೆದು ನೋಡಿದರೆ ಬಹಳಷ್ಟು ಜನ ಗಾಳಿಗೂ ನೀರಿಗೂ ಬಲಿಯಾದವರಲ್ಲ. ಗಾಳಿ ನಿಂತ ಮೇಲೆ, ಬಿಸಿಲು ಬಂದ ಮೇಲೆ, ಚಾವಣಿ ಗಟ್ಟಿಯಾಗಿಯೇ ಉಳಿದ ಮನೆಗಳೊಳಗೆ ತೀರಿಕೊಂಡವರು. ಅವರಲ್ಲಿ ಬಹುಪಾಲು ಜನರನ್ನು ಉಳಿಸಬಹುದಿತ್ತು ಎಂಬುದೇ ಸಂಕಟದ ಸಂಗತಿ. ಅದಕ್ಕೆ ಬೇಕಾದ ವಿಜ್ಞಾನ ಹೈಸ್ಕೂಲಿನ ಪಠ್ಯದಲ್ಲೇ ಇದೆ.

ಮೊದಲಿಗೆ ಕರೆಂಟು ಏಕೆ ಹೋಗುತ್ತದೆ ಎಂಬುದು. ಗಾಳಿ ನೇರವಾಗಿ ತಂತಿ ಹರಿಯುವುದಕ್ಕಿಂತ ಮರಗಳು ತಂತಿಯ ಮೇಲೆ ಬೀಳುವುದೇ ಹೆಚ್ಚು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಮಳೆಗೆ ನೆನೆದ ಮಣ್ಣು ಬೇರಿನ ಹಿಡಿತ ಸಡಿಲಿಸಿರುತ್ತದೆ. ದೊಡ್ಡ ಗೋಪುರಗಳೇ ಉರುಳುವುದೂ ಉಂಟು. 2021ರ ಆಗಸ್ಟ್ 29ರಂದು ಐಡಾ ಚಂಡಮಾರುತ ಬೀಸಿದಾಗ ನ್ಯೂ ಆರ್ಲಿಯನ್ಸ್ ನಗರಕ್ಕೆ ವಿದ್ಯುತ್ ತರುವ ಎಂಟು ಪ್ರಸರಣ ಮಾರ್ಗಗಳೂ ಒಂದೇ ದಿನ ನಿಂತುಹೋದವು. ಒಂದು ಗೋಪುರ ಮಿಸಿಸಿಪ್ಪಿ ನದಿಯ ದಡದಲ್ಲೇ ಮುರಿದು ಬಿತ್ತು. ದುರಸ್ತಿ ಮೇಲಿನಿಂದ ಕೆಳಕ್ಕೆ ಸಾಗುತ್ತದೆ: ಪ್ರಸರಣ ಮಾರ್ಗ, ಸಬ್‌ಸ್ಟೇಷನ್, ಆಸ್ಪತ್ರೆ ಮತ್ತು ನೀರಿನ ಪಂಪುಗಳ ಫೀಡರ್, ಆಮೇಲೆ ಬೀದಿ, ಕೊನೆಗೆ ಒಂಟಿ ಮನೆ. ಎದುರು ಮನೆಯಲ್ಲಿ ದೀಪ ಉರಿಯುತ್ತಿದ್ದು ಇತ್ತ ಕತ್ತಲೆ ಇದ್ದರೆ ಎರಡೂ ಮನೆಗಳಿಗೆ ಬೇರೆ ಬೇರೆ ಟ್ರಾನ್ಸ್‌ಫಾರ್ಮರ್ ಇದೆ ಎಂದಷ್ಟೇ ಅರ್ಥ. ಲೈನ್‌ಮನ್‌ಗಳ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ಹ್ಯೂಸ್ಟನ್‌ನಲ್ಲಿ ಬೆರಿಲ್ ಹೋದ ಮೇಲೆ ಬಂದದ್ದು ಸೆಖೆ. ಏರ್ ಕಂಡೀಷನರ್ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಮನೆಗಳು ಅವು. ತಂಪು ಹೊರಹೋಗದಂತೆ ಬಿಗಿಯಾಗಿ ಮುಚ್ಚಿರುತ್ತವೆ, ಅಡ್ಡಗಾಳಿಗೆ ದಾರಿ ಕಡಿಮೆ. ಮಳೆಯ ನಂತರದ ತೇವ ಬೇರೆ. ವಿಶ್ರಾಂತಿಯಲ್ಲಿರುವ ಮನುಷ್ಯನ ದೇಹ ಸುಮಾರು 100 ವ್ಯಾಟ್ ಶಾಖ ಹುಟ್ಟಿಸುತ್ತದೆ, ಅಂದರೆ ಗಂಟೆಗೆ 360 ಕಿಲೋಜೂಲ್. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಹಾಗಾಗಿ ಗಂಟೆಗೆ 150 ಮಿಲಿಲೀಟರ್ ಬೆವರು ಪೂರ್ತಿಯಾಗಿ ಆರಿದರೆ ಸಾಕು, ದೇಹದ ಲೆಕ್ಕ ಸರಿಹೋಗುತ್ತದೆ. ಆದರೆ ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ದೇಹದ ನೀರನ್ನೂ ಉಪ್ಪನ್ನೂ ಕಳೆಯುತ್ತದೆಯೇ ಹೊರತು ಒಂದಿಷ್ಟೂ ತಂಪು ಕೊಡುವುದಿಲ್ಲ.

ಈ ಮಿತಿಯನ್ನು ಅಳೆಯಲು ವಿಜ್ಞಾನಿಗಳು ಒದ್ದೆ ಬಲ್ಬಿನ ತಾಪಮಾನವನ್ನು ಬಳಸುತ್ತಾರೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ನೋಡಿದಾಗ ಸಿಗುವ ಅಂಕಿ ಅದು. ಅದು 35 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಯಾವ ಮನುಷ್ಯನೂ ಹೆಚ್ಚು ಹೊತ್ತು ಬದುಕಲಾರ ಎಂದು 2010ರಲ್ಲಿ ಸ್ಟೀವನ್ ಶೆರ್‌ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಲೆಕ್ಕ ಹಾಕಿದರು. ಆಮೇಲೆ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ ಯುವಜನರ ಮೇಲೆ ನಡೆದ ಪ್ರಯೋಗಗಳಲ್ಲಿ ತೇವದ ಗಾಳಿಯಲ್ಲಿ 31 ಡಿಗ್ರಿ ಆಸುಪಾಸಿನಲ್ಲೇ ದೇಹ ತಾಪದ ಹತೋಟಿ ಕಳೆದುಕೊಳ್ಳತೊಡಗುತ್ತದೆ ಎಂದು ಕಂಡಿತು. ವಯಸ್ಸಾದವರಿಗೆ ಬೆವರುವ ಶಕ್ತಿಯೇ ಕಡಿಮೆ, ಬಾಯಾರಿಕೆ ತಿಳಿಯುವುದೂ ತಡ. ಅವರ ಮಿತಿ ಇನ್ನೂ ಕೆಳಗಿರುತ್ತದೆ.

ಇದರ ಅತ್ಯಂತ ನೋವಿನ ಉದಾಹರಣೆ 2017ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾದ ಹಾಲಿವುಡ್ ಪಟ್ಟಣದಲ್ಲಿ ನಡೆಯಿತು. ಅರ್ಮಾ ಚಂಡಮಾರುತದಲ್ಲಿ ಅಲ್ಲಿನ ಒಂದು ವೃದ್ಧರ ಶುಶ್ರೂಷಾಲಯದ ಏರ್ ಕಂಡೀಷನರ್‌ಗೆ ವಿದ್ಯುತ್ ಕೊಡುತ್ತಿದ್ದ ಟ್ರಾನ್ಸ್‌ಫಾರ್ಮರ್ ಕೆಟ್ಟಿತು. ದೀಪಗಳು ಉರಿಯುತ್ತಲೇ ಇದ್ದವು. ಪಕ್ಕದಲ್ಲೇ ಆಸ್ಪತ್ರೆಯಿತ್ತು, ಅಲ್ಲಿ ತಂಪೂ ಇತ್ತು. ಆದರೂ ಮೂರು ದಿನ ಆ ವೃದ್ಧರು ಬೇಯುವ ಕೋಣೆಗಳಲ್ಲೇ ಉಳಿದರು. 12 ಜನರ ಸಾವಿಗೆ ಆ ಸೆಖೆಯೇ ಕಾರಣವೆಂದು ತೀರ್ಮಾನವಾಯಿತು. ನಂತರ ಫ್ಲಾರಿಡಾ ತಂದ ನಿಯಮದಂತೆ ಇಂಥ ಸಂಸ್ಥೆಗಳು ಕರೆಂಟು ಹೋದರೂ 96 ಗಂಟೆ ಕಾಲ ಒಳಗಿನ ತಾಪಮಾನ ಸುಮಾರು 27 ಡಿಗ್ರಿ ದಾಟದಂತೆ ನೋಡಿಕೊಳ್ಳಲೇಬೇಕು.

ಮನೆಯಲ್ಲಿ ಮಾಡಬಹುದಾದದ್ದು ಸರಳ. ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆಯಬೇಕು, ಸಂಜೆಯಾದ ಮೇಲೆ ತೆರೆಯಬೇಕು. ಎಲ್ಲರೂ ಕೆಳಗಿನ ಮಹಡಿಯಲ್ಲಿ ಮಲಗಬೇಕು. ಮೈಗೆ ಒದ್ದೆ ಬಟ್ಟೆ ಸುತ್ತಿಕೊಂಡರೆ, ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡರೆ ದೇಹದ ಕೆಲಸ ಹಗುರವಾಗುತ್ತದೆ. ಬ್ಯಾಟರಿ ಫ್ಯಾನ್ ಒಂದು ಹಂತದವರೆಗೆ ಮಾತ್ರ ಒಳ್ಳೆಯದು. ಚರ್ಮದ ತಾಪಮಾನ ಸುಮಾರು 35 ಡಿಗ್ರಿ. ಕೋಣೆಯ ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ, ಮೈಯೂ ಒಣಗಿದ್ದರೆ, ಫ್ಯಾನ್ ಶಾಖವನ್ನು ದೇಹದೊಳಕ್ಕೇ ತಳ್ಳುತ್ತದೆ. ಮಾತು ತೊದಲುತ್ತಿದ್ದರೆ, ಗೊಂದಲದಿಂದ ವರ್ತಿಸುತ್ತಿದ್ದರೆ ಅದು ಆಯಾಸವಲ್ಲ, ತಾಪಾಘಾತ. ಆಗ ಆ್ಯಂಬುಲೆನ್ಸಿಗೆ ಕರೆ ಮಾಡಬೇಕು, ಅದು ಬರುವ ತನಕ ಮೈಗೆ ನೀರು ಹಾಕುತ್ತ ಗಾಳಿ ಬೀಸುತ್ತಿರಬೇಕು.

ಸೆಖೆ ತಡೆಯಲಾರದೆ ಜನ ಜನರೇಟರ್ ತರುತ್ತಾರೆ. ಇಲ್ಲಿಂದ ಎರಡನೆಯ ಅಪಾಯ ಶುರು, ಮತ್ತು ಇದೇ ಹೆಚ್ಚು ಮೋಸದ್ದು.

2020ರ ಆಗಸ್ಟ್‌ನಲ್ಲಿ ಲಾರಾ ಎಂಬ ನಾಲ್ಕನೇ ದರ್ಜೆಯ ಚಂಡಮಾರುತ ಲೂಸಿಯಾನಾ ರಾಜ್ಯದ ಲೇಕ್ ಚಾರ್ಲ್ಸ್ ಪಟ್ಟಣವನ್ನು ಜಜ್ಜಿಹಾಕಿತು. ರಾಜ್ಯದ ಆರೋಗ್ಯ ಇಲಾಖೆ ಮೊದಲ ದಿನಗಳಲ್ಲಿ ಕೊಟ್ಟ ಲೆಕ್ಕದಲ್ಲಿ ಸತ್ತವರ ಪೈಕಿ ಅರ್ಧಕ್ಕೂ ಹೆಚ್ಚು ಜನ ಜನರೇಟರ್ ಹೊಗೆಗೆ ಬಲಿಯಾದವರು. ಅಂಥ ಗಾಳಿಯನ್ನು ಬದುಕಿ ದಾಟಿದವರು ಅವರು! ಪೆಟ್ರೋಲು ಪೂರ್ತಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅಂಟುವುದರಲ್ಲಿ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವುಳ್ಳದ್ದು. ಒಮ್ಮೆ ಕೂತರೆ ಬೇಗ ಬಿಡುವುದಿಲ್ಲ. ಶುದ್ಧ ಗಾಳಿಗೆ ಬಂದ ಮೇಲೂ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕಿಳಿಯಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಕಾರಿನ ಹೊಗೆ ಕೊಳವೆಯಲ್ಲಿ ಈ ಅನಿಲವನ್ನು ಸುಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಸಣ್ಣ ಜನರೇಟರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮಾನಾಕ್ಸೈಡ್ ಉಗುಳಬಲ್ಲದು ಎಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಸುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಅದರ ಲಕ್ಷಣಗಳು. ಮೂರು ರಾತ್ರಿ ನಿದ್ದೆಗೆಟ್ಟವರಿಗೆ ಇವು ಸುಸ್ತಿನಂತೆಯೇ ತೋರುತ್ತವೆ. ಸ್ವಲ್ಪ ಮಲಗೋಣ ಎಂದು ಮಲಗುತ್ತಾರೆ, ಏಳುವುದಿಲ್ಲ.

ಗ್ಯಾರೇಜಿನ ಬಾಗಿಲು ತೆರೆದಿದೆ, ಕಿಟಕಿ ತೆರೆದಿದೆ ಎಂಬ ಸಮಾಧಾನ ಇಲ್ಲಿ ನಡೆಯದು. ಆಯೋಗದ ಪ್ರಕಾರ ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿ, ಹೊಗೆ ಮನೆಗೆ ಬೆನ್ನು ಮಾಡಿ ಹೋಗುವಂತೆ ಇರಬೇಕು. ವರಾಂಡವೂ ಬೇಡ. ಇದ್ದಿಲಿನ ಒಲೆಯನ್ನು ಒಳಗೆ ತಂದು ಅಡುಗೆ ಮಾಡುವುದಂತೂ ಬೇಡವೇ ಬೇಡ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಮೆರಿಕದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಜನರೇಟರಿಗೆ ಅಷ್ಟು ಹಣ ಸುರಿದವರು ಅದನ್ನು ಬಿಟ್ಟು ಬರಬಾರದು.

ಜನರೇಟರಿನ ಇನ್ನೊಂದು ಅಪಾಯ ಬೇರೆಯವರ ಜೀವಕ್ಕೆ. ಕೆಲವರು ಅದರ ವೈರನ್ನು ಮನೆಯ ಗೋಡೆಯ ಸಾಕೆಟ್ಟಿಗೇ ಸಿಕ್ಕಿಸಿ ಇಡೀ ಮನೆಗೆ ಕರೆಂಟು ಹರಿಸುತ್ತಾರೆ. ಮೇನ್ ಸ್ವಿಚ್ ಆರಿಸಿರದಿದ್ದರೆ ಆ ಕರೆಂಟು ಹೊರಗಿನ ತಂತಿಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುವ ಸಾಧನ. ಬೀದಿಯ 7,200 ವೋಲ್ಟನ್ನು ಮನೆಗೆ 240ಕ್ಕೆ ಇಳಿಸುವುದು, ಹಿಮ್ಮುಖವಾಗಿ 240 ಬಂದರೆ ಅದನ್ನು 7,200ಕ್ಕೆ ಏರಿಸುತ್ತದೆ. ತಂತಿಯಲ್ಲಿ ಕರೆಂಟಿಲ್ಲ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಅಲ್ಲಿಯೇ ಸಾಯಬಹುದು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗಿಗೆ ಜನರೇಟರ್ ಜೋಡಿಸುವುದು ಅಪರಾಧವೆಂದೇ ಹೇಳಬೇಕು. ಎಕ್ಸ್‌ಟೆನ್ಷನ್ ವೈರ್ ಎಳೆದು ಫ್ರಿಜ್ಜನ್ನೂ ಒಂದು ಫ್ಯಾನನ್ನೂ ನಡೆಸಿದರೆ ಆ ಅಪಾಯವಿಲ್ಲ.

ಫ್ರಿಜ್ಜಿಗಂತೂ ಜನರೇಟರ್ ಇಲ್ಲದೆಯೂ ಬಹಳಷ್ಟು ಮಾಡಬಹುದು. ಕರೆಂಟು ಹೋದ ಮೇಲೆ ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ಆಹಾರ ಸುಮಾರು 4 ಗಂಟೆ ಸುರಕ್ಷಿತ. ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. ತುಂಬಿದ್ದಷ್ಟೂ ಹೆಚ್ಚು ಹೊತ್ತು ಏಕೆ? ಗುಟ್ಟು ಮಂಜುಗಡ್ಡೆಯಲ್ಲಿದೆ. ಶೂನ್ಯ ಡಿಗ್ರಿಯ ಒಂದು ಕಿಲೋ ಮಂಜುಗಡ್ಡೆ ಶೂನ್ಯ ಡಿಗ್ರಿಯ ನೀರಾಗಲು 334 ಕಿಲೋಜೂಲ್ ಶಾಖ ಹೀರುತ್ತದೆ. ಅಷ್ಟೇ ಶಾಖ ಆ ನೀರನ್ನು ಶೂನ್ಯದಿಂದ 80 ಡಿಗ್ರಿಗೆ ಬಿಸಿ ಮಾಡಬಲ್ಲದು. ಕರಗಿ ಮುಗಿಯುವ ತನಕ ತಾಪಮಾನ ಏರುವುದೇ ಇಲ್ಲ. ಮುಚ್ಚಿದ ಫ್ರಿಜ್ಜಿನ ಗೋಡೆಗಳ ಮೂಲಕ 50 ವ್ಯಾಟ್ ಶಾಖ ಒಳಗೆ ನುಸುಳುತ್ತಿದೆ ಎಂದಿಟ್ಟುಕೊಂಡರೆ, ಐದು ಕಿಲೋ ಮಂಜುಗಡ್ಡೆ ಅದನ್ನು ಒಂಬತ್ತು ಗಂಟೆ ತಡೆದು ನಿಲ್ಲಿಸುತ್ತದೆ. ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಸಿಗುತ್ತದೆ. ಆ ಹೊತ್ತಿಗೆ ಖಾಲಿ ಬಾಟಲಿಗಳಲ್ಲಿ ಮುಕ್ಕಾಲು ಭಾಗ ನೀರು ತುಂಬಿ ಫ್ರೀಜರಿನ ಖಾಲಿ ಜಾಗಗಳಲ್ಲೆಲ್ಲ ಇಡಬಹುದು. ಕರಗಿದ ಮೇಲೆ ಅದೇ ಕುಡಿಯುವ ನೀರು.

ಮನೆ ಬಿಟ್ಟು ಹೋಗುವವರಿಗೆ ಫ್ಲಾರಿಡಾದಲ್ಲಿ ಪ್ರಚಲಿತವಾದ ಒಂದು ಉಪಾಯವಿದೆ. ಒಂದು ಲೋಟ ನೀರನ್ನು ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ಅದರ ಮೇಲೊಂದು ನಾಣ್ಯ ಇಡಬೇಕು. ಹಿಂತಿರುಗಿದಾಗ ನಾಣ್ಯ ತಳದಲ್ಲಿದ್ದರೆ ಮಧ್ಯೆ ಎಲ್ಲವೂ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದು ತಿಳಿಯುತ್ತದೆ. ಚೆನ್ನಾಗಿದೆ, ಆದರೆ ಪೂರ್ತಿ ನಂಬುವಂತಿಲ್ಲ. ನಾಣ್ಯ ಮುಳುಗದೆಯೂ ಆಹಾರ ಕೆಡಬಹುದು. ಅಗ್ಗದ ಫ್ರಿಜ್ ಥರ್ಮಾಮೀಟರ್ ಇದಕ್ಕಿಂತ ಮೇಲು. 4 ಡಿಗ್ರಿಗಿಂತ ಮೇಲೆ ಎರಡು ಗಂಟೆಗೂ ಹೆಚ್ಚು ಇದ್ದ ಹಾಲು, ಮಾಂಸ, ಬೇಯಿಸಿದ ಅನ್ನ, ಸಾರು ಎಲ್ಲವನ್ನೂ ಚೆಲ್ಲಬೇಕು. ರುಚಿ ನೋಡಿ ತೀರ್ಮಾನಿಸುವುದು ತಪ್ಪು, ರೋಗಾಣುಗಳಿಗೆ ರುಚಿಯಿರುವುದಿಲ್ಲ.

ಇನ್ಸುಲಿನ್ ವಿಷಯದಲ್ಲಿ ಮಾತ್ರ ಜನ ಬೇಕಾದ್ದಕ್ಕಿಂತ ಹೆಚ್ಚು ಹೆದರುತ್ತಾರೆ. ಹೆದರಿ ಚೆಲ್ಲಿದವರೂ, ಮಂಜುಗಡ್ಡೆಗೆ ತಾಗಿಸಿ ಹೆಪ್ಪುಗಟ್ಟಿಸಿ ಹಾಳು ಮಾಡಿದವರೂ ಇದ್ದಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾರ್ಗಸೂಚಿಯಂತೆ ತಯಾರಕರ ಮೂಲ ಸೀಸೆಯಲ್ಲಿರುವ ಇನ್ಸುಲಿನ್ 15ರಿಂದ 30 ಡಿಗ್ರಿಯ ನಡುವೆ ಫ್ರಿಜ್ಜಿಲ್ಲದೆಯೂ 28 ದಿನಗಳವರೆಗೆ ಬಳಸಲು ಯೋಗ್ಯ. ಬಿಸಿಲಿನಿಂದ, ಮುಚ್ಚಿದ ಕಾರಿನಿಂದ ದೂರವಿಟ್ಟರೆ ಸಾಕು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಮಾತ್ರ ಮತ್ತೆ ಬಳಸಬಾರದು.

ನೀರಿನ ಬಗ್ಗೆ ಎರಡು ಮಾತು. ಪಂಪಿಗೆ ಕರೆಂಟಿಲ್ಲದಿದ್ದರೆ ನಲ್ಲಿಯೂ ನಿಲ್ಲುತ್ತದೆ, ಆದ್ದರಿಂದ ಗಾಳಿ ಬರುವ ಮುನ್ನವೇ ಬಾತ್‌ಟಬ್ ಮತ್ತು ಬಕೆಟ್ಟುಗಳನ್ನು ತುಂಬಿಸಿಡುವುದು ಅಲ್ಲಿನ ಹಳೆಯ ರೂಢಿ. ಕುಡಿಯುವ ನೀರು ಕಾಯಿಸಲಾಗದಿದ್ದರೆ ಸುವಾಸನೆಯಿಲ್ಲದ ಮನೆಬಳಕೆಯ ಬ್ಲೀಚ್, ಶೇ. 6ರ ತೀವ್ರತೆಯದು, ತಿಳಿ ನೀರಿಗೆ ಲೀಟರಿಗೆ ಎರಡು ಹನಿ ಹಾಕಿ ಅರ್ಧ ಗಂಟೆ ಬಿಡಬೇಕು.

ಇಷ್ಟೆಲ್ಲ ಕೆಲವು ದಿನಗಳ ಕತ್ತಲೆಯ ಮಾತು. ತಿಂಗಳುಗಟ್ಟಲೆಯಾದರೆ? 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿ ಪ್ವೆರ್ಟೊ ರಿಕೊ ದ್ವೀಪಕ್ಕೆ ಅಪ್ಪಳಿಸಿತು. ದೊಡ್ಡ ವಿದ್ಯುತ್ ಸ್ಥಾವರಗಳು ಹೆಚ್ಚಾಗಿ ದಕ್ಷಿಣ ಕರಾವಳಿಯಲ್ಲಿ, ಜನ ಹೆಚ್ಚಾಗಿ ಉತ್ತರದ ಸಾನ್ ಹ್ವಾನ್ ಸುತ್ತ. ನಡುವೆ ಬೆಟ್ಟಸಾಲು, ಅದರ ಮೇಲೆ ಹಾಯುವ ತಂತಿಗಳು. ಅವೇ ನೆಲಕಚ್ಚಿದವು. ಇಡೀ ದ್ವೀಪ, ಸುಮಾರು 15 ಲಕ್ಷ ಗ್ರಾಹಕರು, ಒಟ್ಟಿಗೆ ಕತ್ತಲೆಗೆ ಬಿದ್ದರು. ಶೇ. 95ರಷ್ಟು ಮೊಬೈಲ್ ಗೋಪುರಗಳು ಸತ್ತವು. ಕೊನೆಯ ಮನೆಗಳಿಗೆ ಕರೆಂಟು ಬರುವಾಗ ಸುಮಾರು ಹನ್ನೊಂದು ತಿಂಗಳಾಗಿತ್ತು.

ಸರ್ಕಾರ ಮೊದಲು ಒಪ್ಪಿದ ಸಾವುಗಳ ಸಂಖ್ಯೆ 64. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನದ ಬಳಿಕ 2018ರ ಆಗಸ್ಟ್‌ನಲ್ಲಿ ಅದು 2,975ಕ್ಕೆ ಏರಿತು. ಚಂಡಮಾರುತದ ನಂತರದ ಆರು ತಿಂಗಳಲ್ಲಿ ಸಾಮಾನ್ಯ ವರ್ಷಗಳಿಗಿಂತ ಎಷ್ಟು ಹೆಚ್ಚು ಜನ ಸತ್ತರು ಎಂದು ಲೆಕ್ಕ ಹಾಕಿದಾಗ ಸಿಕ್ಕ ಅಂಕಿ ಅದು. ಬಡವರಿಗೂ ಮುದುಕರಿಗೂ ಅಪಾಯ ಹೆಚ್ಚಾಗಿತ್ತು. ಹಾರ್ವರ್ಡ್ ತಂಡ ಮನೆಮನೆಗೆ ಹೋಗಿ ನಡೆಸಿದ ಬೇರೊಂದು ಸಮೀಕ್ಷೆಯಲ್ಲಿ ಮೂರನೇ ಒಂದರಷ್ಟು ಸಾವುಗಳಿಗೆ ಚಿಕಿತ್ಸೆ ತಡವಾದದ್ದು ಅಥವಾ ನಿಂತದ್ದೇ ಕಾರಣವೆಂದು ಕುಟುಂಬದವರು ಹೇಳಿದರು. ಉಸಿರಾಟದ ಯಂತ್ರ ನಿಂತಿತು, ಡಯಾಲಿಸಿಸ್ ಕೇಂದ್ರ ಮುಚ್ಚಿತು, ಆ್ಯಂಬುಲೆನ್ಸಿಗೆ ಕರೆ ಹೋಗಲಿಲ್ಲ. 64 ಮತ್ತು 2,975ರ ನಡುವಿನ ಆ ಅಂತರವನ್ನು ನೋಡಿದ ಯಾರೂ ಕರೆಂಟನ್ನು ಬರೀ ಅನುಕೂಲದ ವಸ್ತು ಎನ್ನಲಾರರು.

ಅದೇ ದ್ವೀಪದ ಬೆಟ್ಟದೂರು ಅದ್‌ಹುಂತಾಸ್‌ನಲ್ಲಿ ಒಂದು ಗುಲಾಬಿ ಬಣ್ಣದ ಕಟ್ಟಡದಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಅದು 1980ರಲ್ಲಿ ಗಣಿಗಾರಿಕೆಯ ವಿರುದ್ಧ ಹೋರಾಟಕ್ಕೆಂದು ಹುಟ್ಟಿದ ಕಾಸಾ ಪ್ವೆಬ್ಲೊ ಎಂಬ ಜನರ ಸಂಘಟನೆಯ ಕಟ್ಟಡ. 1999ರಲ್ಲೇ ಅವರು ಚಾವಣಿಯ ಮೇಲೆ ಸೌರ ಫಲಕ ಹಾಕಿಸಿ ಬ್ಯಾಟರಿ ಇಟ್ಟುಕೊಂಡಿದ್ದರು. ಮರಿಯಾ ನಂತರ ಸುತ್ತಲಿನವರು ಫೋನ್ ಚಾರ್ಜಿಗೆ, ಉಸಿರಾಟದ ಯಂತ್ರಗಳನ್ನು ನಡೆಸಲು ಅಲ್ಲಿಗೆ ಬಂದರು. ಸಂಘಟನೆ ಸಾವಿರಾರು ಸೌರ ದೀಪಗಳನ್ನು ಹಂಚಿತು. 2023ರಲ್ಲಿ ಆ ಪಟ್ಟಣದ ನಡುವಿನ ಅಂಗಡಿಗಳಿಗೆ ಗ್ರಿಡ್ಡಿನ ಹಂಗಿಲ್ಲದೆಯೂ ನಡೆಯಬಲ್ಲ ಸೌರ ಜಾಲ ಬಂತು.

ಬ್ಯಾಟರಿ ಎಂಬ ಮಾತು ಇಲ್ಲಿ ಮುಖ್ಯ. ಚಾವಣಿಯ ಮೇಲೆ ಫಲಕವಿದೆ, ಕರೆಂಟು ಹೋದರೂ ಚಿಂತೆಯಿಲ್ಲ ಎಂದು ನಂಬಿದವರು ಅಮೆರಿಕದಲ್ಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಸೌರ ವ್ಯವಸ್ಥೆ ಗ್ರಿಡ್ ಸತ್ತ ಕ್ಷಣವೇ ತಾನೂ ನಿಲ್ಲುತ್ತದೆ. ಹಾಗೆ ನಿಲ್ಲಲೆಂದೇ ಅದನ್ನು ರೂಪಿಸಿರುತ್ತಾರೆ, ಅದೇ ಲೈನ್‌ಮನ್ ಜೀವ ಉಳಿಸಲು. ಹೊರಗಿನ ತಂತಿಯಿಂದ ಮನೆಯನ್ನು ಬೇರ್ಪಡಿಸುವ ಸ್ವಿಚ್ ಮತ್ತು ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಇದ್ದರೆ ಮಾತ್ರ ಕತ್ತಲೆಯಲ್ಲೂ ಬೆಳಕು.

ಕರ್ನಾಟಕದ ಕರಾವಳಿಗೂ ಈ ಲೆಕ್ಕ ದೂರದ್ದಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಸಾಗಿಹೋದಾಗ ಕರಾವಳಿ ಜಿಲ್ಲೆಗಳಲ್ಲಿ ನೂರಾರು ವಿದ್ಯುತ್ ಕಂಬಗಳು ಉರುಳಿದವು. ಅದು ಕೋವಿಡ್‌ನ ಎರಡನೇ ಅಲೆಯ ಹೊತ್ತು, ಆಮ್ಲಜನಕದ ಯಂತ್ರಕ್ಕಾಗಿ ಜನ ಪರದಾಡುತ್ತಿದ್ದ ದಿನಗಳು. ಮಲೆನಾಡಿನಲ್ಲಂತೂ ಆಷಾಢದ ಗಾಳಿಗೆ ದಿನಗಟ್ಟಲೆ ಕರೆಂಟು ಹೋಗುವುದು ಹೊಸತಲ್ಲ. ಹಿಂದೆ ಅಲ್ಲಿ ಬಾವಿಗೆ ಹಗ್ಗವಿತ್ತು, ಒಲೆಗೆ ಸೌದೆಯಿತ್ತು. ಈಗ ನೀರು ಬೋರ್‌ವೆಲ್ ಮೋಟಾರಿನಿಂದ ಬರಬೇಕು, ಅಜ್ಜನ ಇನ್ಸುಲಿನ್ ಫ್ರಿಜ್ಜಿನಲ್ಲಿದೆ. ಮನೆಯ ಇನ್ವರ್ಟರಿನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಹೆಸರಿಗೆ 1,800 ವ್ಯಾಟ್ ಅವರ್ ಇರುತ್ತದೆ, ಕೈಗೆ ಸಿಗುವುದು ಸುಮಾರು 1,250 ಎಂದಿಟ್ಟುಕೊಳ್ಳೋಣ. 75 ವ್ಯಾಟಿನ ಹಳೆಯ ಫ್ಯಾನೂ ಒಂದು ಎಲ್‌ಇಡಿ ದೀಪವೂ ಇದ್ದರೆ ಅದು ಹದಿನೈದು ಗಂಟೆಗೆ ಮುಗಿಯುತ್ತದೆ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಮೂವತ್ತು ಗಂಟೆ. ಅದೇ ಬ್ಯಾಟರಿಗೆ ಒಂದು ರಾತ್ರಿ ಹೆಚ್ಚು ಸಿಗುತ್ತದೆ.

ಅಟ್ಲಾಂಟಿಕ್‌ನ ಚಂಡಮಾರುತ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅರಬ್ಬಿ ಸಮುದ್ರದಲ್ಲಿ ಮುಂಗಾರಿನ ಮುಂಚೆ ಒಮ್ಮೆ, ಹಿಂಗಾರಿನ ಹೊತ್ತಿಗೆ ಮತ್ತೊಮ್ಮೆ. ಓದುಗರು ಹ್ಯೂಸ್ಟನ್‌ನಲ್ಲಿರಲಿ, ಹೊನ್ನಾವರದಲ್ಲಿರಲಿ, ಅದಕ್ಕೆ ಮುಂಚೆ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದಿಡಿ: ಈ ಮನೆಯಲ್ಲಿ ಕರೆಂಟಿಲ್ಲದೆ ಬದುಕಲಾಗದವರು ಯಾರು, ಅವರ ಯಂತ್ರದ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಜನರೇಟರ್ ಇರುವ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಕರೆದೊಯ್ಯುವವರು ಯಾರು. ಆ ಹಾಳೆಯ ಒಂದು ಪ್ರತಿ ಪಕ್ಕದ ಮನೆಯವರಿಗೂ ಕೊಡಿ, ಅವರ ಮನೆಯದನ್ನೂ ಕೇಳಿ ಇಟ್ಟುಕೊಳ್ಳಿ.